ಬೂಟ್ ಆದ ಡಿವಿಡಿ ಆಮೇಲೆ ಎಲ್ಲಿ ಹೋಯ್ತು?

ಪ್ರಶ್ನೆ: ಹಳೇ ಸರ್ವರ್‌ಗೆ ಡೆಬಿಯನ್ (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಹಾಕುತ್ತಿದ್ದೇನೆ. ಡಿವಿಡಿಯಿಂದಲೇ ಬೂಟ್ ಆಗುತ್ತದೆ, ಅರ್ಧಕ್ಕೆ ಬಂದ ಮೇಲೆ ಡಿವಿಡಿ ಡ್ರೈವ್ ಸಿಗುತ್ತಿಲ್ಲ ಅನ್ನುತ್ತದೆ. ಡ್ರೈವ್ ಇರುವುದು ರೈಡ್ ಕಾರ್ಡ್‌ನಲ್ಲಿ (ಹಲವು ಹಾರ್ಡ್ ಡಿಸ್ಕ್‌ಗಳನ್ನು ಒಟ್ಟಿಗೆ ನಡೆಸುವ ಕಾರ್ಡ್).

ಉತ್ತರ: ಗಾಬರಿ ಬೇಡ, ಡ್ರೈವ್ ಕೆಟ್ಟಿರಲಾರದು. ಬೂಟ್ ಆಗುವಾಗ ಡಿವಿಡಿ ಓದಿಸುವುದು ಬಯಾಸ್, ಅಂದರೆ ಮದರ್‌ಬೋರ್ಡ್‌ನಲ್ಲೇ ಇರುವ ಶುರುವಿನ ಪ್ರೋಗ್ರಾಂ. ಕರ್ನಲ್ (ಡೆಬಿಯನ್‌ನ ತಿರುಳು) ಬಂದ ಮೇಲೆ ಡ್ರೈವ್ ಓದಲು ಅದಕ್ಕೆ ತನ್ನದೇ ಡ್ರೈವರ್ ಬೇಕು, ಆದರೆ ಎಷ್ಟೋ ರೈಡ್ ಕಾರ್ಡ್‌ಗಳ ಡ್ರೈವರ್‌ಗಳು ಹಾರ್ಡ್ ಡಿಸ್ಕ್‌ಗೆ ಅಂತಲೇ ಮಾಡಿದವು, ಡಿವಿಡಿ ಡ್ರೈವ್‌ಗೆ ಬೇಕಾದ ಅಟಾಪಿ ಕಮಾಂಡ್‌ಗಳನ್ನು ದಾಟಿಸುವುದೇ ಇಲ್ಲ. ಶೆಲ್‌ಗೆ (ಕಮಾಂಡ್ ಟೈಪ್ ಮಾಡುವ ಪರದೆ) ಹೋಗಿ /dev ಒಳಗೆ sr0 (ಡಿವಿಡಿ ಡ್ರೈವ್‌ನ ಹೆಸರು) ಇದೆಯಾ ನೋಡಿ. ಇಲ್ಲದಿದ್ದರೆ ಡಿವಿಡಿಯ ಡ್ರೈವರ್ ಲೋಡ್ ಮಾಡಲು 'modprobe sr_mod' ಕೊಡಿ. ಆಗಲೂ ಬರಲಿಲ್ಲವಾ? ಸುಮ್ನೆ ಡ್ರೈವರ್ ಹುಡುಕುತ್ತಾ ಕೂರಬೇಡಿ. ಪವರ್ ಆಫ್ ಮಾಡಿ, ಡಿವಿಡಿ ಡ್ರೈವ್‌ನ ಕೇಬಲ್ ರೈಡ್ ಕಾರ್ಡ್‌ನಿಂದ ಬಿಚ್ಚಿ ಮದರ್‌ಬೋರ್ಡ್‌ನ ಸಾಟಾ (ಡ್ರೈವ್ ಜೋಡಿಸುವ) ಪೋರ್ಟ್‌ಗೆ ಹಾಕಿ. ರೈಡ್ ಸೆಟ್ಟಿಂಗ್ ಮಾತ್ರ ಮುಟ್ಟಬೇಡಿ, ಡೇಟಾ ಹೋದೀತು. ಪೋರ್ಟ್ ಖಾಲಿ ಇಲ್ಲದಿದ್ದರೆ ಡೆಬಿಯನ್ ಅನ್ನು ಪೆನ್ ಡ್ರೈವ್‌ನಿಂದ ಹಾಕಿ.