ಒಂದೇ ಸಲ ಕೊಳ್ಳುವ ಗೇಮ್‌ಗಳ ಕಾಲ ಮುಗಿಯಿತಾ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ವಿಷಯದ ಸುತ್ತ ಇವೆ. ಒಂದು ಕಡೆ ಬಿಜಿಎಂಐ (ಪಬ್‌ಜಿಯ ಭಾರತದ ಆವೃತ್ತಿ), ಫೋರ್ಟ್‌ನೈಟ್, ಜಿಟಿಎ ಆನ್‌ಲೈನ್ ಥರದ ಆಟಗಳು. ಇವು ಕಂಪನಿಯ ಸರ್ವರ್ ಮೇಲೆ ನಡೆಯುತ್ತವೆ, ಮುಗಿಯುವುದು ಅಂತಿಲ್ಲ, ಸೀಸನ್‌ಗೊಮ್ಮೆ ಹೊಸದೇನೋ ಸೇರುತ್ತದೆ. ಲೈವ್ ಸರ್ವಿಸ್ ಗೇಮ್ ಅನ್ನುವುದು ಇವನ್ನೇ. ಇನ್ನೊಂದು ಕಡೆ ದುಡ್ಡು ಕೊಟ್ಟು ಒಂದೇ ಸಲ ಕೊಂಡು, ಕಥೆ ಮುಗಿಸಿ ಎತ್ತಿಡುವ ಪ್ರೀಮಿಯಂ ಗೇಮ್‌ಗಳು.

ಹಾಸ್ಟೆಲ್‌ನಲ್ಲಿ ಎಲ್ಲರೂ ಆಡುವುದು ಫ್ರೀ ಆನ್‌ಲೈನ್ ಗೇಮ್. ನಾನೊಬ್ಬನೇ ದುಡ್ಡು ಉಳಿಸಿ ಕಥೆ ಇರುವ ಗೇಮ್ ಕೊಳ್ಳುತ್ತೇನೆ. ‘ಇನ್ನೈದು ವರ್ಷಕ್ಕೆ ಅಂಥ ಗೇಮ್ ಯಾರೂ ಮಾಡಲ್ಲ ಬಿಡೋ’ ಅಂತಾರೆ ಫ್ರೆಂಡ್ಸ್. ನಿಜಾನಾ ಸರ್?
ಎಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ

ನಿಜ ಅಲ್ಲ. ಆದರೆ ಆ ಮಾತು ಎಲ್ಲಿಂದ ಹುಟ್ಟಿತು ಅಂತ ನೋಡಬೇಕು. ಜಿಟಿಎ 5 ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ. ಅದರ ಆನ್‌ಲೈನ್ ಭಾಗ ಶುರುವಾದದ್ದು ಮುಂದಿನ ತಿಂಗಳು. ಆಟ 20 ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಯಿತು. ಅದರ ಮೇಲೆ ಆನ್‌ಲೈನ್ ಭಾಗ ಹತ್ತು ವರ್ಷ ದಾಟಿದರೂ ದುಡಿಯುತ್ತಲೇ ಇದೆ. 2017ರಲ್ಲಿ ಫೋರ್ಟ್‌ನೈಟ್ ಬಂತು, ಅದರ ಜನಪ್ರಿಯ ಭಾಗ ಆಡಲು ಫ್ರೀ. ಇವೆರಡನ್ನೂ ನೋಡಿದ ದೊಡ್ಡ ಕಂಪನಿಗಳಿಗೆಲ್ಲ ತಮ್ಮದೂ ಒಂದು ಇಂಥ ಆಟ ಬೇಕು ಅನ್ನಿಸಿತು. 2026ರ ಮಾರ್ಚ್‌ ಒಳಗೆ ಹತ್ತಕ್ಕೂ ಹೆಚ್ಚು ಲೈವ್ ಸರ್ವಿಸ್ ಗೇಮ್ ತರುತ್ತೇವೆ ಅಂತ ಸೋನಿ 2022ರಲ್ಲಿ ಹೇಳಿತು. ಮರುವರ್ಷವೇ ಅದನ್ನು ಅರ್ಧಕ್ಕೆ ಇಳಿಸಿತು.

ಆಮೇಲೆ ಕಾಂಕಾರ್ಡ್ ಬಂತು. 2024ರ ಆಗಸ್ಟ್ 23ಕ್ಕೆ ಬಿಡುಗಡೆ, ಬೆಲೆ 40 ಡಾಲರ್. ತಂಡ ಕಟ್ಟಿಕೊಂಡು ಗುಂಡು ಹಾರಿಸುವ ಆಟ. ಅದೇ ಜಾತಿಯ ವ್ಯಾಲೊರಂಟ್, ಓವರ್‌ವಾಚ್ 2 ಆಗಲೇ ಫ್ರೀಯಾಗಿ ಸಿಗುತ್ತಿದ್ದವು. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕಾಂಕಾರ್ಡ್ ಅನ್ನು ಒಂದೇ ಹೊತ್ತಿಗೆ ಆಡಿದವರು ಅತಿ ಹೆಚ್ಚೆಂದರೆ 700 ಜನರೂ ಇರಲಿಲ್ಲ. ಸೆಪ್ಟೆಂಬರ್ 6ಕ್ಕೆ ಸೋನಿ ಸರ್ವರ್ ಆರಿಸಿತು, ಕೊಂಡವರಿಗೆಲ್ಲ ದುಡ್ಡು ವಾಪಸ್ ಕೊಟ್ಟಿತು. ಅಕ್ಟೋಬರ್‌ನಲ್ಲಿ ಅದನ್ನು ಮಾಡಿದ ಫೈರ್‌ವಾಕ್ ಸ್ಟುಡಿಯೋವನ್ನೇ ಮುಚ್ಚಿತು. ಹಲವು ವರ್ಷದ ದುಡಿಮೆ ಎರಡೇ ವಾರಕ್ಕೆ ಮುಗಿಯಿತು.

ಹೀಗಾಗುವುದಕ್ಕೆ ಕಾರಣ ನಿಮ್ಮ ಹಾಸ್ಟೆಲ್‌ನಲ್ಲೇ ಕಾಣುತ್ತದೆ. ನಿಮ್ಮ ಫ್ರೆಂಡ್ಸ್ ದಿನಾ ಎಷ್ಟು ಆನ್‌ಲೈನ್ ಗೇಮ್ ಆಡುತ್ತಾರೆ? ಒಂದು, ಹೆಚ್ಚೆಂದರೆ ಎರಡು. ಅವರ ರ‍್ಯಾಂಕ್, ಸ್ಕಿನ್ (ಪಾತ್ರದ ವೇಷ), ಸ್ಕ್ವಾಡ್ ಎಲ್ಲ ಅಲ್ಲೇ ಇದೆ. ಹೊಸ ಆಟ ಅವರಲ್ಲಿ ಒಬ್ಬನನ್ನು ಎಳೆದರೆ ಸಾಲದು, ಗ್ಯಾಂಗ್ ಪೂರ್ತಿ ಎದ್ದು ಬರಬೇಕು. ದಿನಕ್ಕೆ ಇರುವುದು 24 ಗಂಟೆ. ಹಾಗಾಗಿ ಈ ಮಾರುಕಟ್ಟೆಯಲ್ಲಿ ಗೆಲ್ಲುವವರು ಬೆರಳೆಣಿಕೆಯಷ್ಟು ಜನ. ಪ್ರೀಮಿಯಂ ಗೇಮ್ ಹಾಗಲ್ಲ, ಅದು ಮುಗಿಯುತ್ತದೆ. ಮುಗಿಸಿದವನು ‘ಮುಂದೇನು’ ಅಂತ ಹುಡುಕುತ್ತಾನೆ. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಆಡಿ ಮುಗಿಸಿದವರು ಮರುವರ್ಷ ಬ್ಲ್ಯಾಕ್ ಮಿತ್: ವುಕಾಂಗ್ ಕೂಡ ಕೊಳ್ಳಬಹುದಿತ್ತು. ಒಂದು ಗೆದ್ದರೆ ಇನ್ನೊಂದಕ್ಕೆ ಜಾಗ ಹೋಗುವುದಿಲ್ಲ. ಕಥೆ ಗೇಮ್‌ಗಳು ಉಳಿಯುತ್ತವೆ ಅಂತ ನಾನು ನಂಬಿರುವುದು ಇದೇ ಕಾರಣಕ್ಕೆ.

ಮಾರಾಟವೂ ಅದನ್ನೇ ಹೇಳುತ್ತದೆ. ಚೀನಾದ ವುಕಾಂಗ್ ಮೂರೇ ದಿನದಲ್ಲಿ 1 ಕೋಟಿ ಪ್ರತಿ ಮಾರಾಟವಾಯಿತು. ಬಾಲ್ಡರ್ಸ್ ಗೇಟ್ 3 ಒಳಗೆ ನಿಜವಾದ ದುಡ್ಡು ಕೇಳುವ ಅಂಗಡಿಯೇ ಇಲ್ಲ, ಒಮ್ಮೆ ಕೊಂಡರೆ ಎಲ್ಲ ನಿಮ್ಮದು. 2025ರ ‘ವರ್ಷದ ಆಟ’ ಪ್ರಶಸ್ತಿ ಗೆದ್ದ ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33 ಮಾಡಿದ್ದು ಫ್ರಾನ್ಸಿನ ಮೊಂಪೆಲಿಯೆ ಊರಿನ ಪುಟ್ಟ ಸ್ಟುಡಿಯೋ. ದೊಡ್ಡ ಕಂಪನಿಗಳು 70 ಡಾಲರ್ ಕೇಳುವಾಗ ಅವರು 50 ಡಾಲರ್‌ಗೆ ಕೊಟ್ಟರು.

ಈ ಕಡೆಯೂ ತೊಂದರೆ ಇಲ್ಲದಿಲ್ಲ. ಸೋನಿಯ ಸ್ಪೈಡರ್‌ಮ್ಯಾನ್ 2 ಆಟಕ್ಕೆ ಸುಮಾರು 30 ಕೋಟಿ ಡಾಲರ್ ಖರ್ಚಾಯಿತು ಅನ್ನುವುದು ಸೋರಿಕೆಯಾದ ಕಾಗದಪತ್ರಗಳಿಂದ ಹೊರಬಂತು. ಅಷ್ಟು ದುಡ್ಡು ಸುರಿಯುವ ಕಥೆ ಗೇಮ್‌ಗಳು ಮುಂದೆ ಕಡಿಮೆಯಾಗುತ್ತವೆ. ಮಧ್ಯಮ ಗಾತ್ರದವು ಹೆಚ್ಚುತ್ತವೆ. ಎರಡೂ ಬೆರೆತವೂ ಬರುತ್ತವೆ. ಹೆಲ್‌ಡೈವರ್ಸ್ 2 ಅಂಥದ್ದು: ಕಾಂಕಾರ್ಡ್ ಇದ್ದ ಬೆಲೆಯೇ, ಅದೂ ಸೋನಿಯದೇ, ಲೈವ್ ಸರ್ವಿಸ್ಸೇ. 12 ವಾರದಲ್ಲಿ 1.2 ಕೋಟಿ ಪ್ರತಿ ಹೋಯಿತು. ಅದರ ಥರದ್ದು ಬೇರೆ ಸಿಗುವುದು ಅಪರೂಪವಾಗಿತ್ತು, ಅದಕ್ಕೇ ಜನ ದುಡ್ಡು ಕೊಟ್ಟರು. ನೀವು ದುಡ್ಡು ಉಳಿಸುವುದನ್ನು ನಿಲ್ಲಿಸಬೇಡಿ.

ನಮ್ಮ ಮಗ ಎಂಟನೇ ಕ್ಲಾಸು. ಬಿಜಿಎಂಐ ಆಡುತ್ತಾನೆ. ಆಟ ಫ್ರೀ ಅಂತಾನೆ, ಆದರೆ ತಿಂಗಳಾದರೆ ಸಾಕು ಯುಸಿ ಹಾಕಿಸಿಕೊಡು ಅಂತ ಗಲಾಟೆ. ಫ್ರೀ ಆಟಕ್ಕೆ ದುಡ್ಡು ಯಾಕೆ? ಆಟ ಡಿಲೀಟ್ ಮಾಡಿಬಿಡಲಾ?
ಗೃಹಿಣಿ, ಮಂಡ್ಯ

ಡಿಲೀಟ್ ಮಾಡಬೇಡಿ. ಅವನ ಸ್ನೇಹಿತರೆಲ್ಲ ಸಂಜೆ ಸೇರುವುದು ಅಲ್ಲೇ. ಮೊದಲು ಅವನ ಪಕ್ಕ ಕೂತು, ಆಟದ ಒಳಗಿನ ಅಂಗಡಿಯನ್ನು ಒಮ್ಮೆ ತೆರೆಸಿ ನೋಡಿ.

ಅಲ್ಲಿ ಡ್ರೆಸ್ಸಿನ ಬೆಲೆ ರೂಪಾಯಿಯಲ್ಲಿ ಇರುವುದಿಲ್ಲ, ಯುಸಿ ಅನ್ನುವ ಆಟದ ಒಳಗಿನ ನಾಣ್ಯದಲ್ಲಿ ಇರುತ್ತದೆ. ಯುಸಿ ಕೊಳ್ಳುವಾಗ ಮಾತ್ರ ರೂಪಾಯಿ ಕಾಣುತ್ತದೆ, ಆಮೇಲೆ ಖರ್ಚು ಮಾಡುತ್ತಿರುವುದು ದುಡ್ಡು ಅನ್ನುವುದೇ ಮಗುವಿಗೆ ಮರೆತುಹೋಗುತ್ತದೆ. ಯುಸಿ ಸಿಗುವುದು ಕಟ್ಟುಕಟ್ಟಾಗಿ. ಬೇಕಾದ ವಸ್ತುವಿಗೂ ಆ ಕಟ್ಟಿಗೂ ಸರಿಯಾಗಿ ಹೊಂದುವುದು ಅಪರೂಪ. ಸ್ವಲ್ಪ ಮಿಕ್ಕುತ್ತದೆ, ಮಿಕ್ಕಿದ್ದು ಸುಮ್ನೆ ಬಿದ್ದಿರುತ್ತದಲ್ಲ ಅಂತ ಇನ್ನೊಂದು ಕಟ್ಟು. ಕೆಲವು ವಸ್ತುಗಳ ಕೆಳಗೆ ಇನ್ನೆಷ್ಟು ದಿನ, ಎಷ್ಟು ಗಂಟೆ ಅಂತ ಗಡಿಯಾರ ಓಡುತ್ತಿರುತ್ತದೆ. ಇನ್ನು ಕ್ರೇಟ್. ದುಡ್ಡು ಕೊಟ್ಟು ಪೆಟ್ಟಿಗೆ ತೆರೆಯುವುದು, ಒಳಗೇನು ಬರುತ್ತದೆ ಅನ್ನುವುದು ಅದೃಷ್ಟ. ಒಳ್ಳೆ ವಸ್ತು ಬರುವ ಸಾಧ್ಯತೆ ತೀರಾ ಕಡಿಮೆ. ಬೆಲ್ಜಿಯಂ ದೇಶ 2018ರಲ್ಲೇ ಇಂಥ ಪೆಟ್ಟಿಗೆಗಳನ್ನು ಜೂಜಿನ ಲೆಕ್ಕಕ್ಕೆ ಸೇರಿಸಿತು. 2022ರಲ್ಲಿ ಫೋರ್ಟ್‌ನೈಟ್ ಮಾಡುವ ಎಪಿಕ್ ಕಂಪನಿ ಅಮೆರಿಕದ ವ್ಯಾಪಾರ ಆಯೋಗದ ಜೊತೆಗಿನ ಒಪ್ಪಂದದಲ್ಲಿ 52 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಒಂದು ಪಾಲು ಮಕ್ಕಳ ಮಾಹಿತಿ ಸಂಗ್ರಹಿಸಿದ ಆರೋಪಕ್ಕೆ. ಇನ್ನೊಂದು ಪಾಲು, 24.5 ಕೋಟಿ, ಗುಂಡಿಗಳನ್ನು ಗೊಂದಲವಾಗುವಂತೆ ಇಟ್ಟು ಬೇಡದ ಖರೀದಿ ಮಾಡಿಸಿದ ಆರೋಪಕ್ಕೆ.

ಹೊಸ ಡ್ರೆಸ್ ಹಾಕಿದರೆ ಆಟದಲ್ಲಿ ಶಕ್ತಿ ಹೆಚ್ಚುವುದಿಲ್ಲ. ಆದರೆ ಮಾಮೂಲಿ ಬಟ್ಟೆಯಲ್ಲಿ ಇಳಿದವನನ್ನು ಉಳಿದ ಹುಡುಗರು ‘ಬಾಟ್’ (ಕಂಪ್ಯೂಟರ್ ಆಡಿಸುವ ಬೊಂಬೆ) ಅಂತ ರೇಗಿಸುತ್ತಾರೆ. ನಿಮ್ಮ ಮಗನ ಗಲಾಟೆ ಬಹುಶಃ ಅಲ್ಲಿಂದ ಶುರುವಾಗಿದೆ. ಅದನ್ನು ಬೈದು ಸರಿಮಾಡಲು ಆಗುವುದಿಲ್ಲ, ಕೇಳಿ ತಿಳಿದುಕೊಳ್ಳಬೇಕು.

ಆಮೇಲೆ ಫೋನಿನ ಕೆಲಸ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ಗೆ ಹೋಗಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವ ಹಾಗೆ ಮಾಡಿ. ಅಲ್ಲಿ ಸೇವ್ ಆಗಿರುವ ಕಾರ್ಡ್ ತೆಗೆಯಿರಿ. 2021ರಲ್ಲಿ ಬಿಜಿಎಂಐ ಬಂದಾಗ 18 ತುಂಬದವರಿಗೆ ದಿನಕ್ಕೆ 3 ಗಂಟೆ ಆಟ, 7 ಸಾವಿರ ರೂಪಾಯಿ ಖರ್ಚು ಅಂತ ಮಿತಿ ಇಟ್ಟಿತ್ತು. ದಿನಕ್ಕೆ 7 ಸಾವಿರ ಅನ್ನುವುದು ನಮ್ಮ ಮನೆಗಳಿಗೆ ಮಿತಿಯೇ ಅಲ್ಲ. ನಿಮ್ಮ ಮಿತಿ ನೀವೇ ಹಾಕಿ: ವರ್ಷಕ್ಕೆ ಇಷ್ಟು, ಅದು ಅವನ ಪಾಕೆಟ್ ಮನಿಯಿಂದ, ಕ್ರೇಟ್‌ಗೆ ಮಾತ್ರ ಒಂದು ರೂಪಾಯಿಯೂ ಇಲ್ಲ.

ಆನ್‌ಲೈನ್ ಗೇಮ್ ನಿಷೇಧ ಅಂತ ಕಾನೂನು ಬಂತಲ್ಲ, ಅದರಲ್ಲಿ ಬಿಜಿಎಂಐ ಥರದವೂ ಹೋಗುತ್ತವಾ?
ಓದುಗರು, ಕಲಬುರಗಿ

ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ನಿಷೇಧಿಸಿದ್ದು ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು. ಇ-ಸ್ಪೋರ್ಟ್ಸ್ (ಸ್ಪರ್ಧೆಯಾಗಿ ಆಡುವ ಗೇಮ್‌ಗಳು) ಮತ್ತು ಸುಮ್ಮನೆ ಮನರಂಜನೆಗೆ ಆಡುವ ಆಟಗಳನ್ನು ಅದು ಬೇರೆಯಾಗಿಯೇ ನೋಡುತ್ತದೆ. ಹಾಗಂತ ಯಾವ ಆಪತ್ತೂ ಇಲ್ಲ ಅನ್ನಲಾರೆ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು. ಅದರ ಜಾಗಕ್ಕೆ 2021ರಲ್ಲಿ ಬಂದ ಬಿಜಿಎಂಐ 2022ರ ಜುಲೈನಲ್ಲಿ ಸ್ಟೋರ್‌ನಿಂದ ಮಾಯವಾಗಿ, ವಾಪಸ್ ಬಂದದ್ದು 2023ರ ಮೇ ತಿಂಗಳಲ್ಲಿ. ಸರ್ವರ್ ಮೇಲಿರುವ ಆಟಕ್ಕೆ ಕಂಪನಿ ಒಂದೇ ಅಲ್ಲ, ಸರ್ಕಾರ, ಆ್ಯಪ್ ಸ್ಟೋರ್ ಎಲ್ಲವೂ ಯಜಮಾನರೇ.

‘ದ ಕ್ರೂ’ ಕಾರ್ ರೇಸ್ ಗೇಮ್‌ನ ಡಿಸ್ಕ್ ನನ್ನ ಹತ್ತಿರ ಇದೆ. ಸ್ವಂತ ದುಡ್ಡಲ್ಲಿ ಕೊಂಡದ್ದು. ಈಗ ಹಾಕಿದರೆ ನಡೆಯುವುದೇ ಇಲ್ಲ. ಡಿಸ್ಕ್ ನನ್ನದಾದರೆ ಆಟ ನನ್ನದಲ್ವಾ?
ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ನಿಮ್ಮ ಸಿಟ್ಟು ನ್ಯಾಯವಾದದ್ದು. ಇಡೀ ಜಗತ್ತಿನಲ್ಲಿ ಈ ವಿಷಯಕ್ಕೆ ಗದ್ದಲ ಎದ್ದದ್ದೇ ಈ ಆಟದಿಂದ.

ದ ಕ್ರೂ ಬಂದದ್ದು 2014ರಲ್ಲಿ, ಯೂಬಿಸಾಫ್ಟ್ ಕಂಪನಿಯಿಂದ. ಅಮೆರಿಕ ಪೂರ್ತಿಯನ್ನು ಚಿಕ್ಕದಾಗಿಸಿ ಒಂದೇ ನಕಾಶೆಯಲ್ಲಿ ಇಟ್ಟಿದ್ದರು, ಈ ಕಡಲಿಂದ ಆ ಕಡಲವರೆಗೆ ಕಾರಲ್ಲೇ ಹೋಗಬಹುದಿತ್ತು. ಒಬ್ಬರೇ ಆಡುವ ಕಥೆಯೂ ಇತ್ತು. ಆದರೆ ಒಬ್ಬರೇ ಆಡಿದರೂ ಸರ್ವರ್ ಜೊತೆ ಸಂಪರ್ಕ ಇರಲೇಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು, ಡಿಸ್ಕ್ ಬರೀ ಪ್ಲಾಸ್ಟಿಕ್ ಆಯಿತು. ಅಷ್ಟಕ್ಕೇ ಬಿಡದೆ ಖಾತೆಗಳಿಂದ ಲೈಸೆನ್ಸನ್ನೂ ವಾಪಸ್ ತೆಗೆದರು. ಕಾನೂನಿನ ಕಣ್ಣಲ್ಲಿ ನೀವು ಕೊಂಡದ್ದು ಆಡುವ ಅನುಮತಿಯನ್ನು ಮಾತ್ರ. ಬಾಡಿಗೆ ಮನೆಗೆ ಪೂರ್ತಿ ದುಡ್ಡು ಕೊಟ್ಟ ಹಾಗಾಯಿತು, ಆದರೆ ಬಾಡಿಗೆ ಅಂತ ಬೋರ್ಡ್ ಹಾಕಿರಲಿಲ್ಲ.

ಇದನ್ನು ನೋಡಿ ರಾಸ್ ಸ್ಕಾಟ್ ಅನ್ನುವ ಯೂಟ್ಯೂಬರ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಶುರುಮಾಡಿದರು. ಸರ್ವರನ್ನು ಎಂದೆಂದಿಗೂ ನಡೆಸಿ ಅಂತ ಅವರು ಕೇಳುತ್ತಿಲ್ಲ. ನಿಲ್ಲಿಸುವ ದಿನ ಬಂದಾಗ, ಕೊಂಡವರು ಹೇಗಾದರೂ ಆಡುವ ಹಾಗೆ ಬಿಟ್ಟುಹೋಗಿ ಅಂತಷ್ಟೇ. ಯುರೋಪಿಯನ್ ಒಕ್ಕೂಟದ ಮುಂದಿಟ್ಟ ಅರ್ಜಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಇದೆ: ಮಾರುತ್ತಿರುವುದು ಲೈಸೆನ್ಸ್ ಆದರೆ ಕೊಳ್ಳುವವರಿಗೆ ಅದನ್ನು ಸ್ಪಷ್ಟವಾಗಿ ಹೇಳಬೇಕು.

ಕಂಪನಿಗಳು ‘ಅದು ತಾಂತ್ರಿಕವಾಗಿ ಕಷ್ಟ’ ಅನ್ನುತ್ತವೆ. ಕೆಲವು ಆಟಗಳಿಗೆ ನಿಜಕ್ಕೂ ಕಷ್ಟ. ಆದರೆ ಮನಸ್ಸು ಮಾಡಿದವರು ಮಾಡಿದ್ದಾರೆ. ನಾಕ್‌ಔಟ್ ಸಿಟಿ ಅನ್ನುವ ಆನ್‌ಲೈನ್ ಆಟ 2023ರಲ್ಲಿ ನಿಂತಾಗ ಅದರ ಸ್ಟುಡಿಯೋ, ಆಟಗಾರರೇ ಸರ್ವರ್ ನಡೆಸಿಕೊಳ್ಳುವ ಪಿಸಿ ಆವೃತ್ತಿ ಬಿಟ್ಟಿತು. ನಿಂಟೆಂಡೊ ತನ್ನ ಅನಿಮಲ್ ಕ್ರಾಸಿಂಗ್ ಪಾಕೆಟ್ ಕ್ಯಾಂಪ್ ಮೊಬೈಲ್ ಆಟವನ್ನು 2024ರ ನವೆಂಬರ್‌ನಲ್ಲಿ ನಿಲ್ಲಿಸಿ, ಡಿಸೆಂಬರ್‌ನಲ್ಲಿ ಒಂದೇ ಸಲ ಕೊಳ್ಳುವ ಆವೃತ್ತಿ ತಂದಿತು. ಹಳೆಯ ಆಟದಲ್ಲಿ ಕೂಡಿಟ್ಟದ್ದನ್ನೂ ಅದಕ್ಕೆ ಒಯ್ಯಬಹುದಿತ್ತು. ಯೂಬಿಸಾಫ್ಟ್ ಕೂಡ ಗದ್ದಲ ಜೋರಾದ ಮೇಲೆ ದ ಕ್ರೂ 2ಕ್ಕೆ ಆಫ್‌ಲೈನ್ ದಾರಿ ಮಾಡಿಕೊಟ್ಟಿತು. ಲೈವ್ ಸರ್ವಿಸ್ ಅನ್ನುವುದೇ ಕೆಟ್ಟದ್ದು ಅಂತ ನನಗನ್ನಿಸುವುದಿಲ್ಲ. ಕೊನೆ ಹೇಗೆ ಅಂತ ಮೊದಲೇ ಹೇಳದೆ ದುಡ್ಡು ತೆಗೆದುಕೊಳ್ಳುವುದು ಕೆಟ್ಟದ್ದು.

ಬೆಂಗಳೂರಿನಲ್ಲಿ ಗೇಮ್ ಆರ್ಟ್ ಕಲಿಯುತ್ತಿದ್ದೇನೆ. ಲೈವ್ ಸರ್ವಿಸ್ ಕಂಪನಿ ಸೇರಿದರೆ ಕೆಲಸ ಭದ್ರವೋ, ಕಥೆ ಗೇಮ್ ಮಾಡುವಲ್ಲಿ ಭದ್ರವೋ?
ವಿದ್ಯಾರ್ಥಿನಿ, ಬೆಂಗಳೂರು

ನಿಮ್ಮ ಊರಿಗೆ ಇದರಲ್ಲಿ ಹಳೆಯ ನಂಟಿದೆ. ಧ್ರುವ ಇಂಟರಾಕ್ಟಿವ್ ಬೆಂಗಳೂರಿನಲ್ಲಿ ಶುರುವಾದದ್ದು 1997ರಲ್ಲಿ. ಹೊರದೇಶದ ದೊಡ್ಡ ಆಟಗಳಿಗೆ ಕಾರು, ಕಟ್ಟಡ ಮಾಡಿಕೊಡುತ್ತಾ ಬೆಳೆದ ಅದನ್ನು 2019ರಲ್ಲಿ ಜಿಟಿಎ ಮಾಡುವ ರಾಕ್‌ಸ್ಟಾರ್ ಕೊಂಡಿತು.

ಭದ್ರತೆ ಎರಡೂ ಕಡೆ ಕಡಿಮೆ, ಕೆಲಸದ ರೀತಿ ಬೇರೆ. ಲೈವ್ ಗೇಮ್‌ನಲ್ಲಿ ಕೆಲಸಕ್ಕೆ ಬರ ಇಲ್ಲ: ಪ್ರತಿ ಸೀಸನ್‌ಗೂ ಹೊಸ ಡ್ರೆಸ್, ಹೊಸ ನಕಾಶೆ ಬೇಕೇ ಬೇಕು. ಅದೇ ಅದರ ಭಾರ ಕೂಡ. ಕಥೆ ಗೇಮ್‌ಗಳಿಗೆ ಹೆಸರಾದ ಸೋನಿಯ ನಾಟಿ ಡಾಗ್ ಸ್ಟುಡಿಯೋ 2023ರ ಡಿಸೆಂಬರ್‌ನಲ್ಲಿ ತನ್ನ ದೊಡ್ಡ ಆನ್‌ಲೈನ್ ಆಟವನ್ನು ಕೈಬಿಟ್ಟದ್ದು ಇದಕ್ಕೇ. ಅದನ್ನು ಬಿಡುಗಡೆ ಮಾಡಿದರೆ ಮುಂದಿನ ಹಲವು ವರ್ಷ ಇಡೀ ಸ್ಟುಡಿಯೋ ಅದನ್ನೇ ಸಾಕಬೇಕಾಗುತ್ತದೆ, ಕಥೆ ಗೇಮ್‌ಗೆ ಕೈ ಉಳಿಯುವುದಿಲ್ಲ ಅಂತ ಬಾಯಿಬಿಟ್ಟು ಹೇಳಿದರು. ಕಥೆ ಗೇಮ್‌ನಲ್ಲಿ ಬಿಡುಗಡೆಗೆ ಮುಂಚೆ ರಾತ್ರಿ ಹಗಲು ದುಡಿಮೆ, ಬಿಡುಗಡೆ ಆದಮೇಲೆ ಮುಂದಿನ ಪ್ರಾಜೆಕ್ಟ್ ಸಿಗದಿದ್ದರೆ ತಂಡ ಕರಗುತ್ತದೆ.

ಇಂಟರ್‌ವ್ಯೂನಲ್ಲಿ ಹಿಂಜರಿಯದೆ ಒಂದು ಪ್ರಶ್ನೆ ಕೇಳಿ: ‘ನಿಮ್ಮ ಹಿಂದಿನ ಆಟ ಬಿಡುಗಡೆಯಾದ ಆರು ತಿಂಗಳಿಗೆ ಆ ತಂಡದವರು ಏನು ಮಾಡುತ್ತಿದ್ದರು?’ ಉತ್ತರ ಕೊಡಲು ತಡಕಾಡಿದರೆ ನಿಮಗೆ ಅರ್ಥವಾಗುತ್ತದೆ. ಜೊತೆಗೆ ಕಲಿಯುವಾಗಲೇ ಗೆಳತಿಯರ ಜೊತೆ ಸೇರಿ ಹತ್ತು ನಿಮಿಷದ್ದಾದರೂ ಒಂದು ಪೂರ್ತಿ ಆಟ ಮುಗಿಸಿ. ಅರ್ಧ ಮಾಡಿದ ಐದಕ್ಕಿಂತ ಮುಗಿಸಿದ ಒಂದು ಮೇಲು.

ವರ್ಷಕ್ಕೆ ಗೇಮ್‌ಗೆ ಅಂತ 3 ಸಾವಿರ ಎತ್ತಿಡುತ್ತೇನೆ. ಯಾವುದಕ್ಕೆ ಹಾಕಲಿ?
ಶಾಲಾ ಶಿಕ್ಷಕರು, ಚಿಕ್ಕಮಗಳೂರು

ನಾನಾದರೆ ಮುಗಿಯುವ ಆಟಕ್ಕೆ ಹಾಕುತ್ತೇನೆ. ಹೊಸತು ಬಂದ ವಾರವೇ ಕೊಳ್ಳಬೇಡಿ, ಸ್ಟೀಮ್‌ನ ಬೇಸಿಗೆ ಸೇಲ್, ವರ್ಷದ ಕೊನೆಯ ಸೇಲ್ ತನಕ ಕಾಯಿರಿ. ಸ್ಟಾರ್‌ಡ್ಯೂ ವ್ಯಾಲಿ ನೋಡಿ: ಎರಿಕ್ ಬರೋನ್ ಒಬ್ಬರೇ ಮಾಡಿ 2016ರಲ್ಲಿ ಬಿಟ್ಟ ಬೇಸಾಯದ ಆಟ. 2024ರಲ್ಲೂ ದೊಡ್ಡ ಅಪ್‌ಡೇಟ್ ಕೊಟ್ಟರು, ಒಂದು ಪೈಸೆ ಕೇಳಲಿಲ್ಲ. ಸ್ಟೀಮ್‌ನಲ್ಲಿ ಕೊಂಡು 14 ದಿನದ ಒಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಕೊಳ್ಳುವ ಮುಂಚೆ ಆಟದ ಪುಟದಲ್ಲಿ ಸದಾ ಇಂಟರ್‌ನೆಟ್ ಬೇಕು ಅಂತ ಇದೆಯಾ ನೋಡಿ. ಅದೇ ಆಟ ಜಿಒಜಿ ಅಂಗಡಿಯಲ್ಲೂ ಇದ್ದರೆ ಅಲ್ಲೇ ಕೊಳ್ಳಿ. ಅವರು ಇನ್‌ಸ್ಟಾಲ್ ಮಾಡುವ ಫೈಲನ್ನೇ ಕೊಡುತ್ತಾರೆ. ಕೊಂಡ ದಿನವೇ ಅದನ್ನು ಇಳಿಸಿ ಒಂದು ಹಾರ್ಡ್ ಡಿಸ್ಕ್‌ಗೆ ಹಾಕಿಟ್ಟುಕೊಳ್ಳಿ.