ಯೂದನ ಕಾಲನ್ನೂ ತೊಳೆದರಲ್ಲ

(ಗುರುತು ಸಿಗಬಾರದೆಂದು ಹೆಸರು, ವಯಸ್ಸು, ಮೊತ್ತ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಓದಿ ನೋಡಿ ಒಂದು ಸಾಲನ್ನು ತೆಗೆಸಿದ್ದಾರೆ; ಅದು ಇಲ್ಲಿಲ್ಲ.)

ಸಿಸಿಲಿಯಾ ಬಾಯಿ ಕಾಸರಗೋಡಿನ ಕುಂಬಳೆಯಿಂದ ಬಸ್ಸಿನಲ್ಲಿ ಒಳಕ್ಕೆ ಹೋಗಬೇಕಾದ ಒಂದು ಊರಿನವರು. 46 ವರ್ಷ, ಬೀಡಿ ಕಟ್ಟುತ್ತಾರೆ. ಹೊಟ್ಟೆಯಲ್ಲಿ ಉರಿ, ನಿದ್ದೆಯಿಲ್ಲ, ವೈದ್ಯರು ಎಲ್ಲ ಪರೀಕ್ಷೆ ಮಾಡಿಸಿಯೂ ಏನೂ ಸಿಗಲಿಲ್ಲ ಎಂದು ಅವರ ನಾದಿನಿ ನನ್ನ ಬಳಿ ಆಪ್ತಸಲಹೆಗೆ ಕರೆತಂದಿದ್ದರು. ಮೊದಲ ದಿನ ಮುಕ್ಕಾಲು ಗಂಟೆ ಗಂಡನ ಸಕ್ಕರೆ ಕಾಯಿಲೆಯ ಬಗ್ಗೆಯೇ ಮಾತಾಡಿದರು. ಎದ್ದು ಹೊರಟು, ಹೊಸ್ತಿಲಲ್ಲಿ ಒಂದು ಚಪ್ಪಲಿ ಮೆಟ್ಟಿ ಇನ್ನೊಂದನ್ನು ಕಾಲಲ್ಲಿ ತಡಕಾಡುತ್ತಾ, ನನ್ನ ಮುಖ ನೋಡದೆ ಹೇಳಿದರು: "ಟೀಚರ್, ನಾನು ಕಳ್ಳಿ."

ಈ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತು, ನಿಜವಾದ ಮಾತು ಬರುವುದು ಹೊಸ್ತಿಲಲ್ಲಿಯೇ. ಮರುವಾರ ಬರಲು ಹೇಳಿದೆ. ಬರುತ್ತಾರೋ ಇಲ್ಲವೋ ಎಂಬ ಅನುಮಾನವಿತ್ತು. ಬಂದರು.

ಹದಿನಾರು ಹೆಂಗಸರ ಉಳಿತಾಯದ ಸಂಘ. ಇವರು ಅದರ ಖಜಾಂಚಿ. ಎರಡು ವರ್ಷದ ಹಿಂದೆ ಗಂಡನ ಪಾದದ ಗಾಯ ಕೀವಾಗಿ, ರಾತ್ರೋರಾತ್ರಿ ಮಂಗಳೂರಿಗೆ ಒಯ್ಯಬೇಕಾಯಿತು. ಆಸ್ಪತ್ರೆಯಲ್ಲಿ ಮುಂಗಡ ಕೇಳಿದರು. ಸೋಮವಾರ ಬ್ಯಾಂಕಿಗೆ ಕಟ್ಟಬೇಕಾಗಿದ್ದ ಸಂಘದ 24,000 ರೂಪಾಯಿ ಕಪಾಟಿನಲ್ಲಿತ್ತು. ತೆಗೆದರು. ಪುಸ್ತಕದಲ್ಲಿ 'ಬ್ಯಾಂಕಿಗೆ ಕಟ್ಟಿದೆ' ಎಂದು ಬರೆದರು. ಐದು ತಿಂಗಳ ನಂತರ ತಾಯಿ ಕೊಟ್ಟ ಬಳೆ ಮಾರಿ ಅಷ್ಟನ್ನೂ ಕಟ್ಟಿದರು. ಯಾರಿಗೂ ಗೊತ್ತಾಗಲಿಲ್ಲ. "ಪುಸ್ತಕ ಸರಿಯಾಯಿತು ಟೀಚರ್. ಬರೆದ ಕೈ ಸರಿಯಾಗಲಿಲ್ಲ."

ಅಂದಿನಿಂದ ಅವರು ಇಗರ್ಜಿಯಲ್ಲಿ (ಚರ್ಚಿನಲ್ಲಿ) ಕೊನೆಯ ಬೆಂಚಿನಲ್ಲಿ ಕುಳಿತು, ಪರಮಪ್ರಸಾದದ (ಪೂಜೆಯಲ್ಲಿ ಸ್ವೀಕರಿಸುವ ಪವಿತ್ರ ರೊಟ್ಟಿಯ) ಹೊತ್ತಿಗೆ ಎದ್ದು ಹೊರಗೆ ಹೋಗುತ್ತಿದ್ದರು. ಪಾಪನಿವೇದನೆ (ಗುರುಗಳ, ಅಂದರೆ ಪಾದ್ರಿಗಳ ಬಳಿ ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದು) ಮಾಡಿರಲಿಲ್ಲವೇ ಎಂದರೆ, ಮಾಡಿದ್ದರು. ಒಂದಲ್ಲ, ಒಂಬತ್ತು ಸಲ. ತಮ್ಮ ಊರಿನ ಗುರುಗಳಲ್ಲಿ, ಬೇಳದಲ್ಲಿ, ಮಂಜೇಶ್ವರದಲ್ಲಿ, ಕೊನೆಗೆ ತಲಪಾಡಿ ದಾಟಿ ಮಂಗಳೂರಿನಲ್ಲಿ. (1956ರಲ್ಲಿ ಕೇರಳದ ಗಡಿ ಎಳೆದವರು ನಮ್ಮ ಇಗರ್ಜಿಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಈ ಕಡೆಯ ನಾವು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದವರೇ.) ಒಂಬತ್ತು ಸಲವೂ ಕ್ಷಮೆ ಸಿಕ್ಕಿತು. ಪ್ರತಿ ಸಲವೂ ಬಸ್ಸು ಇಳಿಯುವಷ್ಟರಲ್ಲಿ ಅನುಮಾನ: ನಾನು ಸರಿಯಾಗಿ ಹೇಳಿದೆನೋ ಇಲ್ಲವೋ, ಕಡಿಮೆ ಮಾಡಿ ಹೇಳಿದೆನೋ, ಫಾದರ್‌ಗೆ ಪೂರ್ತಿ ಗೊತ್ತಾಗಿದ್ದರೆ ಕ್ಷಮಿಸುತ್ತಿದ್ದರೋ.

ಇಲ್ಲಿ ನಾನು ತಪ್ಪಿದೆ. ಕುಮ್ಸಾರಿಗೆ (ಪಾಪನಿವೇದನೆಗೆ) ನಿಲ್ಲುವವಳು ನಾನೂ ಆದ್ದರಿಂದ, ಬಾಯಿಗೆ ಬಂದ ಮಾತನ್ನೇ ಆಡಿಬಿಟ್ಟೆ: ದೇವರು ಪ್ರೀತಿಸ್ವರೂಪಿ, ಅಲ್ಲವೇ ಎಂದೆ. "ಗೊತ್ತು ಟೀಚರ್, ಅದೇ ಕಷ್ಟ. ಅಷ್ಟು ಪ್ರೀತಿಸುವವರಿಗೆ ಹೀಗೆ ಮಾಡಿದೆನಲ್ಲ" ಎಂದು ಸೆರಗಿನ ಅಂಚಿನ ನೂಲು ಕೀಳತೊಡಗಿದರು. ಉಳಿದ ಅರ್ಧ ಗಂಟೆ ಅವರ ಬಾಯಿ ತೆರೆಯಲಿಲ್ಲ. ವಾಕ್ಯ ನಿಜವೇ, ಹೇಳಿದ ಹೊತ್ತು ಸರಿಯಾಗಿರಲಿಲ್ಲ.

ಮೂರನೆಯ ಭೇಟಿಯಲ್ಲಿ ಮೊದಲು ಕೇಳಬೇಕಾದ್ದನ್ನು ಕೇಳಿದೆ: ಸಾಯಬೇಕು ಎನಿಸಿದೆಯೇ? ಇಲ್ಲ ಎಂದರು, ತಡವರಿಸದೆ. ಆದರೂ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ 14416ಕ್ಕೆ, ಅಂದರೆ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಬಹುದೆಂದು ಚೀಟಿಯಲ್ಲಿ ಬರೆದುಕೊಟ್ಟೆ. ಅದೇ ಯೋಚನೆ ಸುತ್ತಿ ಸುತ್ತಿ ಬಂದು ಮನೆಗೆಲಸವನ್ನೂ ನಿಲ್ಲಿಸಿದರೆ ಅದು ಮನೋವೈದ್ಯರು ನೋಡಬೇಕಾದ ಕಾಯಿಲೆಯೂ ಇರಬಹುದು, ಅದರಲ್ಲಿ ಭಕ್ತಿಯ ಕೊರತೆ ಏನಿಲ್ಲ ಎಂದೂ ಹೇಳಿದೆ. ಆಗ ಅವರು, ಎರಡು ವರ್ಷ ಒಳಗೇ ಇಟ್ಟುಕೊಂಡಿದ್ದನ್ನು ಹೊರಗೆ ಹಾಕಿದರು: "ಹನ್ನೆರಡು ಮಂದಿ ಶಿಷ್ಯರಲ್ಲಿ ಖಜಾಂಚಿ ಯಾರು ಟೀಚರ್? ಯೂದನೇ ಅಲ್ಲವೇ?"

ಹೌದು. ಯೇಸುಸ್ವಾಮಿಯನ್ನು ಹಣಕ್ಕೆ ಹಿಡಿದುಕೊಟ್ಟ ಶಿಷ್ಯ ಅವನು. ಹಣದ ಚೀಲ ಅವನ ಕೈಯಲ್ಲಿತ್ತು, ಅದರಿಂದ ಕದಿಯುತ್ತಿದ್ದ ಎಂದು ಬೈಬಲಿನ ಯೊವಾನ್ನನ ಶುಭಸಂದೇಶದಲ್ಲಿಯೇ ಇದೆ. ಅಲ್ಲಗಳೆಯಲು ಹೋಗಲಿಲ್ಲ. ಅವನೂ ಪಶ್ಚಾತ್ತಾಪಪಟ್ಟ, ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ಕೊಟ್ಟ, ಪಾಪ ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ. ಹೇಳಿದ್ದು ಯಾರ ಬಳಿ? ಅವನನ್ನು ಕೊಂಡುಕೊಂಡವರ ಬಳಿ. "ಅದರಿಂದ ನಮಗೇನು?" ಎಂದರು ಅವರು. ಇನ್ನೊಬ್ಬ ಶಿಷ್ಯ ಪೇತ್ರ ಮೂರು ಸಲ 'ಆತನನ್ನು ಅರಿಯೆ' ಎಂದವನು. ಅವನ ತಪ್ಪೂ ಚಿಕ್ಕದಲ್ಲ. ಆದರೆ ಅಳುತ್ತಾ ಹೋದವನು ಉಳಿದವರ ಜೊತೆಗೇ ಇದ್ದ. ಹಾಗಾಗಿ ಬೆಳಗಿನ ಜಾವ ದಡದಲ್ಲಿ ಇದ್ದಲ ಕೆಂಡದ ಮೇಲೆ ಮೀನು ಸುಟ್ಟು ಯೇಸುಸ್ವಾಮಿ ಕರೆದಾಗ ಅವನು ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದ.

"ನಿಮ್ಮ ಗಂಡನ ಗಾಯ ಈಗ ಯಾರು ತೊಳೆಯುತ್ತಾರೆ?" ಎಂದು ಕೇಳಿದೆ.

"ನಾನೇ. ದಿನಕ್ಕೆ ಎರಡು ಸಲ."

"ಕಾಲು ಕೊಡುತ್ತಾರೆಯೇ?"

"ಈಗ ಕೊಡುತ್ತಾರೆ. ಮೊದಮೊದಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ವಾಸನೆ, ನೀನು ಮುಟ್ಟಬೇಡ ಎನ್ನುತ್ತಿದ್ದರು."

"ನೀವು ಏನು ಮಾಡಿದಿರಿ?"

"ಗದರಿದೆ. ತೊಳೆಯದೆ ವಾಸಿಯಾಗುವುದು ಹೇಗೆ ಎಂದೆ."

ಹೇಳಿ ಸುಮ್ಮನಾದರು. ನಾನೂ ಸುಮ್ಮನಿದ್ದೆ, ಹೊರಗೆ ಮೀನಿನ ಗಾಡಿಯವನು ಹಾರ್ನ್ ಹೊಡೆಯುತ್ತಾ ಹೋದ. ಪವಿತ್ರ ಗುರುವಾರದ ವಾಚನದಲ್ಲಿ ಯೇಸುಸ್ವಾಮಿ ಶಿಷ್ಯರ ಕಾಲು ತೊಳೆಯುವಾಗ ಪೇತ್ರ ಕಾಲು ತೊಳೆಸಿಕೊಳ್ಳಲು ಒಪ್ಪುವುದಿಲ್ಲ ಎನ್ನುವುದು ಅವರಿಗೆ ನೆನಪಿತ್ತು. ಆ ಮನೆಯಲ್ಲಿ ಇನ್ನೂ ಯಾರು ಇದ್ದರು, ಯಾರು ಯಾವಾಗ ಎದ್ದು ಹೋದರು, ಮನೆಯಲ್ಲಿ ಬೈಬಲ್ ತೆರೆದು ಯೊವಾನ್ನನ ಹದಿಮೂರನೆಯ ಅಧ್ಯಾಯದ ಮೂವತ್ತನೆಯ ವಚನದವರೆಗೆ ನೋಡಿ ಎಂದು ಕಳುಹಿಸಿದೆ. ಮರುವಾರ ಕುಳಿತುಕೊಳ್ಳುವ ಮೊದಲೇ ಹೇಳಿದರು: "ಯೂದನ ಕಾಲನ್ನೂ ತೊಳೆದರಲ್ಲ ಟೀಚರ್. ಗೊತ್ತಿದ್ದೇ ತೊಳೆದರು."

ಅದರ ಮೇಲೆ ನಾನು ಪ್ರವಚನ ಮಾಡಲಿಲ್ಲ. ಸಲಹೆ ಎಂದು ಕೊಟ್ಟದ್ದು ಎರಡೇ.

ಒಂದು, ಈ ಪಾಪವನ್ನು ಇನ್ನು ಯಾವ ಗುರುಗಳ ಬಳಿಯೂ ಮತ್ತೆ ನಿವೇದಿಸುವಂತಿಲ್ಲ. ಊರಿನ ಗುರುಗಳೊಬ್ಬರನ್ನೇ ಹಿಡಿದುಕೊಳ್ಳಬೇಕು. ಅನುಮಾನ ಬಂದರೆ ಬಸ್ಸು ಹತ್ತಬಾರದು. ಇದು ನನ್ನ ಸ್ವಂತ ಬುದ್ಧಿಯಲ್ಲ. ಸಂತ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಇದೇ ಸುಳಿಗೆ ಸಿಕ್ಕಿ, ಹೇಳಿದ ಪಾಪಗಳನ್ನೇ ಮತ್ತೆ ಮತ್ತೆ ಹೇಳಿ, ಪ್ರಾಣ ಬಿಡುವ ಯೋಚನೆಯವರೆಗೂ ಹೋಗಿದ್ದರು. ಹಳೆಯದನ್ನು ಇನ್ನು ನಿವೇದಿಸುವುದಿಲ್ಲ ಎಂದು ಗಟ್ಟಿಮಾಡಿಕೊಂಡ ಮೇಲೆಯೇ ಬಿಡುಗಡೆಯಾದದ್ದು. ಸಂತರಿಗೂ ಹೀಗಾಗಿತ್ತು ಎಂದಾಗ ಸಿಸಿಲಿಯಾ ಬಾಯಿ ಮೊದಲ ಬಾರಿಗೆ ನಕ್ಕರು.

ಎರಡನೆಯದಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ. ಸಂಘದಿಂದ ಸಾಲ ಪಡೆದವರು ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಕೊಡುತ್ತಾರೆ. ಐದು ತಿಂಗಳಿಗೆ ಎಷ್ಟಾಯಿತು, ನೀವೇ ಲೆಕ್ಕ ಮಾಡಿ ಎಂದು ಕಾಗದ ಕೊಟ್ಟೆ. 1,200 ಎಂದು ಬರೆದು, ಆ ಸಂಖ್ಯೆಯನ್ನು ತುಂಬಾ ಹೊತ್ತು ನೋಡಿದರು. ಎರಡು ವರ್ಷ ಅಳತೆಯೇ ಇಲ್ಲದೆ ಎದೆಯ ಮೇಲೆ ಕುಳಿತಿದ್ದದ್ದಕ್ಕೆ ಒಂದು ಮೊತ್ತ ಬಂದಿತ್ತು. ತಪ್ಪಿಗೆ ಲೆಕ್ಕವಿರುತ್ತದೆ, ತೀರಿಸಬಹುದು. 'ನಾನೇ ಕೆಟ್ಟವಳು' ಎನ್ನುವುದಕ್ಕೆ ಲೆಕ್ಕವಿಲ್ಲ, ಅದಕ್ಕೇ ಬಳೆ ಮಾರಿದರೂ ತೀರಲಿಲ್ಲ. ಬಡ್ಡಿಯನ್ನು ಸಂಘದ ಅಧ್ಯಕ್ಷೆಯ ಕೈಗೆ ಕೊಟ್ಟು ನಡೆದದ್ದನ್ನು ಹೇಳಿ ಎಂದೆ. ಎಲ್ಲ ಸಲಹೆಗಾರರೂ ಹೀಗೆ ಹೇಳಲಾರರು, ನನಗೂ ಅಳುಕಿತ್ತು. ಚಿಕ್ಕ ಊರು, ಮಾತು ಹಬ್ಬಿದರೆ ಹಿಂದಕ್ಕೆ ಬರುವುದಿಲ್ಲ. ಆದರೆ ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಬಾಯಿ ಬಿಡುವಂತಿಲ್ಲ, ದೇವರು ಬಾವಿಕಟ್ಟೆಯಲ್ಲಿ ಎದುರು ಸಿಗುವುದಿಲ್ಲ. ಇವರ ಭಯ ಇದ್ದದ್ದು ಎದುರು ಸಿಗುವವರ ಕಣ್ಣಿನದು.

ಆರು ವಾರ ಹಿಡಿಯಿತು. ಅಧ್ಯಕ್ಷೆ ಅಪ್ಪಿಕೊಳ್ಳಲಿಲ್ಲ, ಬೈಯಲೂ ಇಲ್ಲ. "ಕೇಳಿದ್ದರೆ ಸಾಲವಾಗಿಯೇ ಕೊಡುತ್ತಿದ್ದೆವಲ್ಲ" ಎಂದರಂತೆ, ಸ್ವಲ್ಪ ಸಿಟ್ಟಿನಲ್ಲಿಯೇ. ರಶೀದಿ ಬರೆದುಕೊಟ್ಟರು. ಮುಂದಿನ ವರ್ಷದಿಂದ ಖಜಾಂಚಿಯನ್ನು ಬದಲಿಸೋಣ ಎಂದೂ ಸೇರಿಸಿದರು. ಅದು ಇವರಿಗೆ ನೋವಾಯಿತು. ನೋವಾಗಬೇಕಾದ್ದೇ ಎಂದೆ ನಾನು.

ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದು ಇನ್ನೂ ನಿಂತಿಲ್ಲ. ಮೊನ್ನೆ ಬಂದಾಗ, ಭಾನುವಾರ ಸಾಲಿನಲ್ಲಿ ನಿಂತು ಪರಮಪ್ರಸಾದ ಸ್ವೀಕರಿಸಿದೆ ಎಂದರು.

"ಹೇಗನಿಸಿತು?"

"ಏನೂ ಅನಿಸಲಿಲ್ಲ ಟೀಚರ್. ಮನೆಗೆ ಹೋಗಿ ಬಿಸಿನೀರು ಕಾಯಿಸಿ ಅವರ ಕಾಲು ತೊಳೆದೆ, ಅನ್ನಕ್ಕೆ ಇಟ್ಟೆ."

ಮುಂದಿನ ಭೇಟಿ ಒಂದು ತಿಂಗಳ ನಂತರ ಸಾಕು ಎಂದು ಬರೆದುಕೊಂಡೆ.