ನಾಲ್ಕು ಪಾಯಿಂಟ್ ನಿಯಮ: ಲೆಸ್ಟರ್‌ನಿಂದ ಕೇಳಿದವರಿಗೆ

ನಮಸ್ಕಾರ. ನಿಮ್ಮ ಹೆಂಡತಿಗೆ ಸಂಧಿವಾತ. ಅಡುಗೆ, ಸ್ನಾನ, ಶೌಚ, ಬಟ್ಟೆ ಹಾಕಿಕೊಳ್ಳುವುದು ಎಲ್ಲಕ್ಕೂ ಪಿಐಪಿಯಲ್ಲಿ (ಕಾಯಿಲೆ, ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಭತ್ಯೆ; ಕೆಲಸ ಎಷ್ಟು ಕಷ್ಟವೋ ಅಷ್ಟು ಪಾಯಿಂಟ್) ಎರಡೆರಡೇ ಪಾಯಿಂಟ್, ಒಟ್ಟು 8. ಬ್ರಿಟನ್ ಸರ್ಕಾರದ ಹೊಸ ನಿಯಮದಿಂದ ಪಿಐಪಿ ನಿಂತುಹೋಗುತ್ತಾ ಅಂತ ಕೇಳಿದ್ದೀರಿ.

ಆ ನಿಯಮ ಜಾರಿಗೆ ಬಂದಿಲ್ಲ. ಒಂದು ಕೆಲಸದಲ್ಲಾದರೂ 4 ಪಾಯಿಂಟ್ ಇರಲೇಬೇಕು ಅನ್ನುವ ಪ್ರಸ್ತಾಪ 2025ರ ಮಾರ್ಚ್‌ನಲ್ಲಿ ಬಂತು. ಆಳುವ ಪಕ್ಷವಾದ ಲೇಬರ್‌ನ ಸಂಸದರೇ ತಿರುಗಿಬಿದ್ದರು. ಜುಲೈ 1ರಂದು ಸರ್ಕಾರ ಅದನ್ನು ಕೈಬಿಟ್ಟಿತು. ಪಿಐಪಿಯಲ್ಲಿ ಏನೇ ಬದಲಾವಣೆ ಇದ್ದರೂ ಸಚಿವ ಸ್ಟೀಫನ್ ಟಿಮ್ಸ್ ಅವರ ಪರಿಶೀಲನೆ ಮುಗಿದ ಮೇಲೆ ಅಂದರು.

ಆದರೂ ನಿಮ್ಮ ಭಯ ಸುಮ್ನೆ ಬಂದದ್ದಲ್ಲ. ಸ್ಟೂಲಿನ ಮೇಲೆ ಕೂತು, ಕಂಬಿ ಹಿಡಿದು ಒಬ್ಬರೇ ಸ್ನಾನ ಮಾಡಿದರೆ 2 ಪಾಯಿಂಟ್. ಭುಜದಿಂದ ಸೊಂಟದವರೆಗೆ ತೊಳೆಯಲು ಇನ್ನೊಬ್ಬರು ಬೇಕಾದರೆ 4. ಅಂದರೆ ಹೇಗೋ ತಾನೇ ಒದ್ದಾಡಿ ಮಾಡಿಕೊಳ್ಳುವವರಿಗೇ ಹೊಡೆತ ಬೀಳುತ್ತಿತ್ತು. ಇದು ಅನ್ಯಾಯ ಅಲ್ವಾ?

ನಿಮ್ಮ ಹೆಂಡತಿಯ ಪಿಐಪಿ ಮರುಪರಿಶೀಲನೆಯ ಫಾರ್ಮ್ ಬಂದರೆ 'ಮಾಡುತ್ತಾರೆ' ಅಂತಷ್ಟೇ ಬರೆಯಬೇಡಿ. ಅಪಾಯವಿಲ್ಲದೆ, ಸರಿಯಾಗಿ, ಮತ್ತೆ ಮತ್ತೆ, ಹೆಚ್ಚು ಹೊತ್ತು ಹಿಡಿಯದೆ ಮಾಡಲು ಆಗಬೇಕು ಅನ್ನುವುದೇ ಅಲ್ಲಿನ ಅಳತೆ. ಮಧ್ಯಾಹ್ನ ತರಕಾರಿ ಹೆಚ್ಚಿದರೆ ಬೆರಳು ಊದಿಕೊಂಡು ರಾತ್ರಿ ಚಾಕು ಹಿಡಿಯಲು ಆಗಲ್ಲ ಅಂದರೆ ಅದನ್ನೇ ಬರೆಯಿರಿ.

ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವು) ಬೇರೆ ವಿಷಯ. ಅದರ ಆರೋಗ್ಯ ಭಾಗ, ಅಂದರೆ ಕಾಯಿಲೆಯಿಂದ ದುಡಿಯಲಾಗದವರಿಗೆ ಸಿಗುವ ಹೆಚ್ಚುವರಿ ಹಣ, 2026ರ ಏಪ್ರಿಲ್‌ನಿಂದ ಹೆಚ್ಚಿನ ಹೊಸ ಅರ್ಜಿದಾರರಿಗೆ ಹತ್ತಿರ ಹತ್ತಿರ ಅರ್ಧ. ಮೊದಲೇ ಪಡೆಯುತ್ತಿದ್ದವರಿಗೆ ಈ ಕಡಿತ ಇಲ್ಲ.

ಫಾರ್ಮ್ ಕಳಿಸುವ ಮುಂಚೆ ಸಿಟಿಜನ್ಸ್ ಅಡ್ವೈಸ್ ಅನ್ನುವ ಸಲಹಾ ಸಂಸ್ಥೆಯವರಿಗೆ ತೋರಿಸಿ. ದುಡ್ಡು ಕೇಳುವುದಿಲ್ಲ.